ಮಂಗಳವಾದ ಮೇಲೂ ಹಾಡಿದ ಕೆರೆ

ನನ್ನ ದನಿ ಯಾರ ದನಿಗೂ ಸೇರುವುದಿಲ್ಲ. ಸ್ವಲ್ಪ ದಪ್ಪ, ಸ್ವಲ್ಪ ಒಡಕು. ಇಂದಿರಾನಗರದ ನಮ್ಮ ಇನ್ಶೂರೆನ್ಸ್ ಕಾಲೊನಿಯ ಭಜನಾ ಮಂಡಳಿಯಲ್ಲಿ ನಾನು ಮೊದಲಿನಿಂದಲೂ ಹಿಂದಿನ ಸಾಲಿನವಳು. ಮುಂದೆ ಕೂತು ಹೇಳಿಕೊಡುವವಳು ರಂಜನಾ. ಅವಳು ಒಂದು ಸಾಲು ಹಾಡಿದರೆ ನಾವೆಲ್ಲ ಅದನ್ನೇ ತಿರುಗಿ ಹಾಡಬೇಕು. ಅದರಲ್ಲಿ ನನ್ನದೇನಾದರೂ ಎದ್ದು ಕೇಳಿಸಿತೋ, ಹಿಂದಿರುಗಿ ನೋಡದೆಯೇ ಅಂಗೈಯನ್ನು ಕೆಳಕ್ಕೆ ಒತ್ತುತ್ತಾಳೆ. ಕಡಿಮೆ ಮಾಡು ಸೀತಾ, ಅಂತ ಅರ್ಥ. ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ ಗೆಳತಿ, ಜಗಳ ಆಡುವ ಹಾಗಿಲ್ಲ. ಆದರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಲುಬ್ನಾ ಬಂದಳು. ಪುಲಿಕೇಶಿನಗರದ ಹುಡುಗಿ. ಕೆ.ಆರ್. ಪುರದಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಗೀತದ ಎಂ.ಎ. ಓದುತ್ತಿದ್ದಾಳೆ. ಕೊನೆಯ ವರ್ಷಕ್ಕೆಂದು ಒಂದು ಆಪೆರಾ ಕಟ್ಟುತ್ತಿದ್ದಳು. ಆಪೆರಾ ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕವಂತೆ. ಇವಳದ್ದು ಅದರಲ್ಲೂ ಹೊಸ ಬಗೆಯದು. ಪಿಟೀಲಿನ ಜೊತೆಗೆ ನೀರಿನ ಕ್ಯಾನು, ಕುಕ್ಕರಿನ ಸೀಟಿ, ಮೆಟ್ರೋ ಅನೌನ್ಸ್‌ಮೆಂಟು, ಎಲ್ಲವೂ ವಾದ್ಯ. ಕಥೆ ಒಂದು ಕೆರೆಯದ್ದು. ಊರು ಬೆಳೆದು ಅದನ್ನು ಮುಚ್ಚುತ್ತದೆ. ಕೆರೆಗೆ ವಯಸ್ಸಾದ ಹೆಂಗಸಿನ ದನಿ ಬೇಕು ಅಂತ ಮಂಡಳಿಯವರನ್ನೆಲ್ಲ ಒಬ್ಬೊಬ್ಬರಾಗಿ ಹಾಡಿಸಿದಳು. ಕೊನೆಗೆ ನನ್ನೆದುರು ಬಂದು ಕೂತಳು.

"ಕೆರೆ ಪಾರ್ಟ್ ನೀವು ಮಾಡ್ತೀರಾ ಆಂಟಿ? ನಿಮ್ ವಾಯ್ಸ್ ಯಾರ ಜೊತೆನೂ ಸೇರಲ್ಲ. ನಂಗೆ ಅದೇ ಬೇಕು."

"ಈ ಮಾತನ್ನ ರಂಜನಾ ಎದುರಿಗೆ ಇನ್ನೊಂದ್ಸಲ ಹೇಳಮ್ಮ," ಅಂದೆ.

ರಿಹರ್ಸಲ್ಲಿಗೆ ಮೆಟ್ರೋದಲ್ಲಿ ಹೋಗಿಬಂದು ಮಾಡುತ್ತಿದ್ದೆ. ಮೊಮ್ಮಕ್ಕಳ ವಯಸ್ಸಿನವರ ಜೊತೆ ನೆಲದ ಮೇಲೆ ಕೂತು ಬಾಳೆಕಾಯಿ ಚಿಪ್ಸ್ ತಿನ್ನುವ ಸುಖವೇ ಬೇರೆ. ನಾಟಕದ ತುಂಬ ನನ್ನದು ಹತ್ತು ಜನರ ಜೊತೆಗಿನ ಹಾಡು. ಕೊನೆಯದು ಮಾತ್ರ ಬೇರೆ. ಮುಚ್ಚಿಹೋದ ಕೆರೆಗೆ ಊರಿನವರು ಮಂಗಳ ಹಾಡುತ್ತಾರೆ, ದೀಪ ಆರುತ್ತದೆ, ಆಮೇಲೆ ಆ ಕತ್ತಲಲ್ಲಿ ಕೆರೆ ತಾನಾಗಿ ಎದ್ದು ಹಾಡುತ್ತದೆ. ತಾಳವಿಲ್ಲ, ಹಿಮ್ಮೇಳವಿಲ್ಲ, ನಾನೊಬ್ಬಳೇ. ಅರವತ್ತು ದಾಟಿದ ಮೇಲಾದರೂ ಒಂದೇ ಒಂದು ಸಲ ನನ್ನ ದನಿಯನ್ನು ಬೇರೆ ಯಾರ ದನಿಯೂ ಬೆರೆಯದೆ ಜನ ಕೇಳಬೇಕು ಅಂತ ನನಗೆ ತುಂಬಾ ಆಸೆಯಿತ್ತು. ಅದಕ್ಕೋಸ್ಕರ ಐಸ್‌ಕ್ರೀಮ್ ಬಿಟ್ಟೆ, ಕರಿದದ್ದು ಬಿಟ್ಟೆ. ಮನೆಯವರು ಗುರುರಾಜ್, "ಸನ್ಯಾಸ ತಗೊಳ್ಳೋ ಪ್ಲಾನ್ ಇದ್ರೆ ಮೊದಲೇ ಹೇಳ್ಬಿಡು," ಅಂತ ರೇಗಿಸುತ್ತಿದ್ದರು.

ಶನಿವಾರ ಮಧ್ಯಾಹ್ನ ಪ್ರದರ್ಶನ. ಗುರುರಾಜ್ ಮಿನಿಬಸ್ ಮಾಡಿಸಿ ಇಡೀ ಕಾಲೊನಿಯನ್ನೇ ಕರೆತಂದಿದ್ದರು. ವೇದಿಕೆಯೇ ಇಲ್ಲದ ಹಾಲ್ ಅದು. ಸುತ್ತ ಕುರ್ಚಿಗಳು, ನಡುವೆ ಅಗಲವಾದ ನೀಲಿ ಬಟ್ಟೆ, ಆ ಬಟ್ಟೆಯೊಳಗೆ ಮಲಗಿದ ನಾನು. ನಮ್ಮವರಿಗೆ ಏನೂ ಅರ್ಥವಾಗಲಿಲ್ಲ ಅನ್ನುವುದು ಕೆಮ್ಮಿನಿಂದಲೇ ತಿಳಿಯುತ್ತಿತ್ತು. ಕುಕ್ಕರ್ ಕೂಗಿದಾಗ ಯಾರೋ ಹೆಂಗಸರು ಗಾಬರಿಯಿಂದ ಎದ್ದೇ ನಿಂತರು. ಆದರೂ ಸಭ್ಯರು, ಕೂತಿದ್ದರು.

ಆಮೇಲೆ ಮಂಗಳ ಬಂತು. ಲುಬ್ನಾ ಅದನ್ನು ಮಧ್ಯಮಾವತಿ ರಾಗದಲ್ಲಿ ಕಟ್ಟಿದ್ದಳು. ಬಹಳ ಚೆನ್ನಾಗಿದೆ ಅಂತ ನಾನೂ ಹೊಗಳಿದ್ದೆ. ನಮ್ಮ ಕಡೆ ಕಛೇರಿ ಮುಗಿಸುವುದು ಅದೇ ರಾಗದಲ್ಲಿ. ಅದು ಕಿವಿಗೆ ಬಿದ್ದದ್ದೇ ತಡ, ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಖಾಲಿ ಕುರ್ಚಿಗಳ ಮುಂದೆ ರಿಹರ್ಸಲ್ ಮಾಡಿದ ನಮಗೆ ಇದು ಹೊಳೆದೇ ಇರಲಿಲ್ಲ.

ದೀಪ ಆರಿತು. ನಾನು ಬಟ್ಟೆಯೊಳಗೆ ಉಸಿರು ಎಳೆದುಕೊಳ್ಳುತ್ತಿದ್ದೆ. ಕುರ್ಚಿಗಳು ಕಿರುಗುಟ್ಟಿದವು. ಮೊಬೈಲ್ ಟಾರ್ಚುಗಳು ಹೊತ್ತಿಕೊಂಡವು.

"ಬಸ್ ಯಾವ್ ಗೇಟಲ್ಲಿ ನಿಂತಿದೆ?" ಅಂತ ಒಬ್ಬರು.

"ಪ್ರಸಾದ ಏನಾದ್ರೂ ಕೊಡ್ತಾರೇನ್ರಿ?" ಅಂತ ಇನ್ನೊಬ್ಬರು.

"ಮುಗೀತು, ಬನ್ನಿ ಬನ್ನಿ, ಸಿಗ್ನಲ್ ಜಾಮ್ ಆಗೋಕೆ ಮುಂಚೆ ಹೊರಡೋಣ," ಅಂತ ರಂಜನಾ. ಹೊರಡಿಸುವುದರಲ್ಲೂ ಅವಳೇ ಮುಂದು.

ಮಲಗಿದಲ್ಲಿಂದಲೇ ಮೊದಲ ಸಾಲು ಎತ್ತಿದೆ. ಕುರ್ಚಿಗಳ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಯಾರೋ ನನ್ನ ಬಟ್ಟೆ ತುಳಿದು, ಸಾರಿ ಅಂದು ಹೋದರು. ಲುಬ್ನಾ ತೆವಳಿಕೊಂಡು ಬಂದಳು.

"ಆಂಟಿ, ಎಲ್ರೂ ಹೋಗ್ತಿದಾರೆ. ಲೈಟ್ ಹಾಕಿ ಅನೌನ್ಸ್ ಮಾಡ್ಲಾ?" ದನಿಯಲ್ಲಿ ಅಳುವಿತ್ತು.

"ಏನೂ ಬೇಡ. ನೀನು ಸುಮ್ನಿರು," ಅಂದೆ.

ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದು ಸಲ, ಒಂದೇ ಒಂದು ಸಲ, ಅದೂ ಇಲ್ಲವೇ? ಬಟ್ಟೆಯನ್ನು ಸೀರೆಯ ಮೇಲೆ ಬಾಚಿ ಸುತ್ತಿಕೊಂಡು, ಗೋಡೆ ಬದಿಯಿಂದ ದಡದಡ ನಡೆದು, ಎಲ್ಲರಿಗಿಂತ ಮುಂಚೆ ಬಾಗಿಲಿಗೆ ಹೋಗಿ ಅಡ್ಡ ನಿಂತೆ. ಹಾಲಿಗೆ ಇದ್ದದ್ದು ಅದೊಂದೇ ಬಾಗಿಲು. ರಂಜನಾ ನನ್ನೆದುರಿಗೇ ಬಂದು ನಿಂತಳು. ಅವಳ ಟಾರ್ಚು ನನ್ನ ಮುಖದ ಮೇಲೆ, ಅವಳ ಹಿಂದೆ ಬ್ಯಾಗು ಹಿಡಿದ ಇಡೀ ಕಾಲೊನಿ.

"ಮಣ್ಣು ಸುರಿದಿರಿ, ಮನೆ ಕಟ್ಟಿದಿರಿ," ಅಂತ ಹಾಡಿದೆ.

ರಂಜನಾಳ ಬಾಯಿ ತೆರೆಯಿತು. ಹಾಡು ಗೊತ್ತಿಲ್ಲ, ಮುಚ್ಚಿಕೊಂಡಿತು. ಕೈ ಮಾತ್ರ ಅಭ್ಯಾಸ ಬಿಡದೆ ಮೇಲೆದ್ದು ಅಂಗೈ ಕೆಳಕ್ಕೆ ಒತ್ತಿತು. ನಾನು ಅವಳ ಕಣ್ಣನ್ನೇ ನೋಡುತ್ತ ಇನ್ನಷ್ಟು ಜೋರಾಗಿ ಹಾಡಿದೆ. ಒಡಕು ದನಿ ಒಡಕಾಗಿಯೇ ಹೋಗಲಿ ಅಂತ ಬಿಟ್ಟುಬಿಟ್ಟೆ. ಎಷ್ಟು ಹಾಯಾಗಿತ್ತು ಅಂದರೆ, ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮೇಲೆದ್ದ ಆ ಕೈ ಹೊತ್ತು ಕಳೆದ ಮೇಲೆ ಬ್ಯಾಗಿನ ಮೇಲೆ ಇಳಿಯಿತು. ಒಂದೆರಡನ್ನು ಬಿಟ್ಟು ಟಾರ್ಚುಗಳು ಒಂದೊಂದಾಗಿ ಆರಿದವು. ಹಿಂದೆ ಯಾರೋ ನೆಲದ ಮೇಲೇ ಕೂತರು, ಇನ್ನೊಬ್ಬರೂ ಕೂತರು. ಗುರುರಾಜ್ ಗೋಡೆಗೆ ಒರಗಿ, ಹೊಸಬಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು.

"ಮಳೆ ಬರಲಿ, ನನ್ನ ಜಾಗ ನನಗೆ ಗೊತ್ತು." ಅದು ಕೊನೆಯ ಸಾಲು.

ದೀಪ ಬಂತು. ಯಾರೂ ಅಲುಗಾಡಲಿಲ್ಲ. ಮತ್ತೆ ಮೋಸ ಹೋಗುವುದು ಬೇಡ ಅಂತಲೋ ಏನೋ.

"ಈಗ ಮುಗೀತು," ಅಂದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. "ಹೋಗ್ಬಹುದು."

ಯಾರೂ ಹೋಗಲಿಲ್ಲ. ರಂಜನಾ ಬ್ಯಾಗನ್ನು ಕೆಳಗಿಟ್ಟಳು.

"ಆ ಕೊನೇ ಸಾಲು ಇನ್ನೊಂದ್ಸಲ ಹಾಡು ಸೀತಾ," ಅಂದಳು.

ಹಾಡಿದೆ. ಯಾರೂ ದನಿ ಕೂಡಿಸಲಿಲ್ಲ.