ಮುದ್ದೆ ಉಂಡ ಪೈಪು

ಬೆಟ್ಟದಪುರದ ಬೆಟ್ಟದ ನೆರಳು ಸಂಜೆ ಹೊತ್ತಿಗೆ ಯಾರ್ಯಾರ ಹೊಲದ ಮೇಲೆ ಬೀಳುತ್ತದೋ ಅವರೆಲ್ಲ ಹೊಗೆಸೊಪ್ಪು ಬೆಳೆಯುತ್ತಾರೆ. ಅವರೊಳಗೆ ಬೀಡಿ ಮುಟ್ಟದವನು ಕುಳ್ಳಯ್ಯ ಒಬ್ಬನೇ. ಹೆಸರು ಕುಳ್ಳಯ್ಯ, ಆಳು ಆರಡಿ. ಸೊಪ್ಪು ಬೇಯಿಸುವ ತನ್ನದೇ ಬ್ಯಾರನ್ನಿಗೆ ತಲೆ ತಗ್ಗಿಸಿ ಹೋಗಬೇಕು. ಪಕ್ಕದವರ ಬೀಡಿ ಹೊಗೆ ಮೂಗಿಗೆ ತಾಗಿದರೆ ಅವನು ಕೆಮ್ಮುವ ಸದ್ದಿಗೆ, ಇನ್ನೂ ಯಾರೋ ಹತ್ತುವವರಿದ್ದಾರೆಂದು ಪಿರಿಯಾಪಟ್ಟಣದ ಬಸ್ಸಿನವನು ಬ್ರೇಕು ಹಾಕಿದ್ದುಂಟು.

ಇಂಥವನ ನಡುಮನೆಯ ಗೋಡೆ ತುಂಬ ಪೈಪುಗಳು. ಹಿಂದೆ ದೊರೆಗಳು, ಕಾಫಿ ತೋಟದ ಸಾಹುಕಾರರು ಕಚ್ಚಿಕೊಂಡು ಹೊಗೆ ಬಿಡುತ್ತಿದ್ದಂಥವು; ಈಗ ಅವನ್ನು ಮಾಡುವ ಕಾರ್ಖಾನೆಗಳೇ ಬಾಗಿಲು ಹಾಕಿವೆ. ಹುಣಸೂರಿನ ಗುಜರಿ ಅಂಗಡಿ, ಕೊಡಗಿನ ಕಡೆ ಬಂಗಲೆ ಖಾಲಿ ಮಾಡುವವರ ಅಟ್ಟ, ಬೈಲುಕುಪ್ಪೆಯ ಟಿಬೆಟಿನ ಮುದುಕರ ಪೆಟ್ಟಿಗೆ, ಹೀಗೆ ಎಲ್ಲೆಲ್ಲಿಂದಲೋ ಹುಡುಕಿ ತಂದವು. ಯಾಕಯ್ಯಾ ಈ ಹುಚ್ಚು ಎಂದು ಕೇಳಿದವರಿಗೆ ಅವನ ಉತ್ತರ ಒಂದೇ:

"ಸೊಪ್ಪ ಮಗ್ಳಂಗೆ ಸಾಕಿ, ಬೇಯ್ಸಿ, ಬೇಲ್ ಕಟ್ಟಿ ಲಾರಿ ಅತ್ತಿಸ್ತೀವಿ. ಹೆಣ್ ಕೊಟ್ ಮ್ಯಾಲೆ ಆ ಮನೆ ಎಂಗದೆ ಅಂತ ನೋಡಬ್ಯಾಡ್ವಾ?"

ಒಂದೊಂದು ಪೈಪಿಗೂ ಒಂದೊಂದು ಕತೆ. ಜೋಳದ ದಿಂಡಿನಲ್ಲಿ ಮಾಡಿದ್ದನ್ನು ನಾಗರಹೊಳೆ ಅಂಚಿನಲ್ಲಿ ಒಂಟಿಸಲಗವೊಂದು ದೊರೆಯ ಬಾಯಿಂದ ಕಿತ್ತುಕೊಂಡು, ಒಂದು ದಮ್ಮು ಎಳೆದು, ಕಣ್ಣಲ್ಲಿ ನೀರು ಬಂದು, ಮರ್ಯಾದೆಯಿಂದ ಹಿಂದಿರುಗಿಸಿ ಹೋಯಿತಂತೆ. ಬಿಳಿ ಜೇಡಿಮಣ್ಣಿನದು ಬೀಚನಹಳ್ಳಿ ಅಣೆಕಟ್ಟೆಯಲ್ಲಿ ಹಿಡಿದ ಮೀನಿನ ಹೊಟ್ಟೆಯಲ್ಲಿತ್ತಂತೆ. ಮೀನು ಕೊಯ್ದಾಗ ಅದಿನ್ನೂ ಉರಿಯುತ್ತಿತ್ತಂತೆ. ಕೇಳುವವರು ಮುಖ ಮುಖ ನೋಡಿಕೊಂಡರೆ ಅಡುಗೆಮನೆಯಿಂದ ಹೆಂಡತಿ ಚಿಕ್ಕಬೀರಮ್ಮ ಸಾಕ್ಷಿ ಹೇಳುತ್ತಿದ್ದಳು:

"ಊಂ ಕಣ್ರಪ್ಪ, ಮೀನ್ ಕುಯ್ದೋಳೇ ನಾನು. ಸಾರೂ ವಸಿ ಒಗೆ ವಾಸ್ನೆ ಒಡೀತಿತ್ತು."

ಅವಳು ಹಾಗೆ ಹೇಳಿದ ಮೇಲೆ ನಂಬದವರಿಲ್ಲ. ಚಿಕ್ಕಬೀರಮ್ಮ ಸುಳ್ಳು ಹೇಳುವ ಹೆಂಗಸಲ್ಲ ಎಂದು ಊರಿಗೆಲ್ಲ ಗೊತ್ತು.

ಒಂದೇ ಒಂದು ಪೈಪಿಗೆ ಮಾತ್ರ ಕುಳ್ಳಯ್ಯ ಕತೆ ಕಟ್ಟಿರಲಿಲ್ಲ. ಗೋಡೆಯ ನಟ್ಟನಡುವೆ, ದೇವರ ಪಟದ ಕೆಳಗೆ ತೂಗುತ್ತಿದ್ದ, ಕೊಕ್ಕರೆ ಕತ್ತಿನಂತೆ ಕೆಳಕ್ಕೆ ಬಾಗಿದ ಪೈಪು. ಬಟ್ಟಲು ಯಾವುದೋ ದೇಶದ ಪೊದೆಯ ಬೇರುಗಂಟಿನದು, ಬಾಯಿಗಿಡುವ ಕೊಳವೆ ಕರಿ ರಬ್ಬರಿನದು. ಅದು ಅವನದಲ್ಲ, ಮಂಟಯ್ಯನವರದು.

ಮಿರ್ಲೆಯ ಮಂಟಯ್ಯನವರು ಒಂದು ಕಾಲಕ್ಕೆ ಸೊಪ್ಪು ಕೊಳ್ಳುವ ಕಂಪನಿಯಲ್ಲಿ ಎಲೆ ನೋಡುವ ಕೆಲಸದಲ್ಲಿದ್ದರು. ಎರಡು ಕೈಯಲ್ಲೂ ಎಲೆ ಉಜ್ಜಿ, ಮೂಸಿ, ಎಳೆದು ನೋಡಬೇಕು. ಅದಕ್ಕೇ ಅವರಿಗೆ ಬಾಗಿದ ಪೈಪೇ ಆಗಬೇಕು. ಕೈ ಬಿಟ್ಟರೂ ಅದು ಗದ್ದಕ್ಕೆ ಒರಗಿ ಹಲ್ಲಿನಲ್ಲಿ ತೂಗುತ್ತಿತ್ತು. ಒಂದು ವರ್ಷ ಕುಳ್ಳಯ್ಯನ ಸೊಪ್ಪಿನ ಬೇಲು ಬಿಚ್ಚಿ ಮೂಸಿದವರು, "ಈ ಸೊಪ್ಪಿಗೆ ಒಲೆ ಕಾದೋರು ಹೆಣ್ಮಗ್ಳು ಕಣ್ಲಾ. ಗಂಡಸ್ರು ನಿದ್ದೆ ತೂಗ್ತಾ ಬೆಂಕಿ ಹಾಕ್ತಾರೆ, ಇದ್ರಲ್ಲಿ ನಿದ್ದೆ ಇಲ್ಲ," ಎಂದಿದ್ದರು. ಆ ಸಲ ರಾತ್ರಿಯೆಲ್ಲ ಬ್ಯಾರನ್ನಿನ ಒಲೆ ಕಾದವಳು ಚಿಕ್ಕಬೀರಮ್ಮನೇ. ಅವಳ ಕೆಲಸವನ್ನು ಗುರುತು ಹಿಡಿದು ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವತ್ತಿನಿಂದ ಮಂಟಯ್ಯನವರು ಅವಳಿಗೆ ಅಣ್ಣ.

ಡಾಕ್ಟರು ಹೊಗೆ ಬಿಡಿಸಿದ ದಿನ ಮಂಟಯ್ಯನವರು ಪೈಪು ತಂದು ಕುಳ್ಳಯ್ಯನ ಕೈಗೆ ಕೊಟ್ಟರು.

"ನಮ್ಮನೇಲಿದ್ರೆ ನಾನು ಹಚ್ಬುಡ್ತೀನಿ. ನೀನು ಮಡಿಕ್ಕೊ. ವರ್ಷ ವರ್ಷ ಗೌರಿಹಬ್ಬ ಕಳೆದ ಸೋಮ್ವಾರ ಬತ್ತೀನಿ, ಬರೀ ಬಾಯಲ್ಲಿ ಒಂದ್ ಗಳಿಗೆ ಕಚ್ಕೊಂಡು ಕೂತು ಹೋಯ್ತೀನಿ. ಇದಿದ್ದಂಗೇ ಇರ್ಬೇಕು ಕಣ್ಲಾ."

"ಇದಿದ್ದಂಗೇ ಇರ್ತದೆ ಅಣ್ಣಾರೆ," ಎಂದು ಕುಳ್ಳಯ್ಯ ಮಾತು ಕೊಟ್ಟಿದ್ದ. ಬೇರೆ ವಿಷಯದಲ್ಲಿ ಅವನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ. ಇದೊಂದರಲ್ಲಿ ಮಾತ್ರ ಅವನು ಕದಲಿದವನಲ್ಲ. ಮಂಟಯ್ಯನವರು ಪ್ರತಿ ವರ್ಷ ಬರುತ್ತಿದ್ದರು. ಜಗಲಿಯ ಮೇಲೆ ಕೂತು, ಬೆಂಕಿಯಿಲ್ಲದ ಪೈಪು ಕಚ್ಚಿ, ಹೊಸ ಸೊಪ್ಪನ್ನು ತೊಡೆ ಮೇಲೆ ಹರವಿಕೊಂಡು ಸವರುತ್ತಿದ್ದರು. ಆ ಹೊತ್ತು ಕುಳ್ಳಯ್ಯ ಕತೆ ಹೇಳದೆ ಸುಮ್ಮನಿರುತ್ತಿದ್ದ. ಅದನ್ನು ನೋಡಲೆಂದೇ ಅಕ್ಕಪಕ್ಕದವರು ಬರುತ್ತಿದ್ದರು.

ಈ ವರ್ಷ ಹಿಡಿದ ಮಳೆ ಬಿಡಲಿಲ್ಲ. ಗೋಡೆಗೆ ಬೂಷ್ಟು, ಚಾಪೆಗೆ ಬೂಷ್ಟು, ಪೈಪುಗಳಿಗಂತೂ ಬಿಳಿ ಗಡ್ಡವೇ ಬಂದಿತ್ತು. ಕುಳ್ಳಯ್ಯ ಸೌದೆ ಮಾತಾಡಲು ಎಚ್.ಡಿ. ಕೋಟೆ ಕಡೆಗೆ ಹೋಗಿದ್ದ. ಚಿಕ್ಕಬೀರಮ್ಮ ಗೋಡೆ ನೋಡಿದಳು, ಅಣ್ಣ ಬರುವ ಸೋಮವಾರ ಹತ್ತಿರ ಬಂತೆಂದು ನೆನೆದಳು. ಹೊಗೆಸೊಪ್ಪಿನ ಮನೆಯವರಿಗೆ ಶೀತಕ್ಕೆ ಒಂದೇ ಮದ್ದು. ಕಂಬಳಿ ಒಣಗದಿದ್ದರೆ ಬ್ಯಾರನ್ನು, ಮೆಣಸಿನಕಾಯಿ ಒಣಗದಿದ್ದರೆ ಬ್ಯಾರನ್ನು. ಆ ಊರಿನ ಮದುಮಗನೊಬ್ಬ ಬ್ಯಾರನ್ನಿನಲ್ಲಿ ಒಣಗಿಸಿದ ಪಂಚೆಯುಟ್ಟು ಹಸೆಮಣೆ ಮೇಲೆ ಕೂತಾಗ ಅದರ ಘಾಟಿಗೆ ಪುರೋಹಿತರಿಗೆ ಮಂತ್ರದ ನಡುವೆ ತಲೆ ತಿರುಗಿತ್ತು. ಅವಳು ಒಂದೊಂದೇ ಪೈಪನ್ನು ಬಟ್ಟೆಯಲ್ಲಿ ಒರೆಸಿ, ಸೊಪ್ಪು ಪೋಣಿಸುವ ಕಡ್ಡಿಗೆ ಸೊಪ್ಪಿನ ಹಾಗೇ ದಾರದಲ್ಲಿ ಕಟ್ಟಿ, ಬ್ಯಾರನ್ನಿಗೆ ತುಂಬಿದ್ದ ಹೊಸ ಸೊಪ್ಪಿನ ನಡುವೆ, ಬಿಸಿ ಚೆನ್ನಾಗಿ ತಾಗಲೆಂದು ಒಲೆಯ ಕಾವು ಹಾಯುವ ಕಬ್ಬಿಣದ ಕೊಳವೆಯ ಮಗ್ಗುಲಿಗೇ ತೂಗುಹಾಕಿ, ಒಲೆ ಹಚ್ಚಿ ತಾನೇ ಕಾದಳು.

ಭಾನುವಾರ ಬೆಳಿಗ್ಗೆ ಊರಿಗೆ ಮರಳಿದ ಕುಳ್ಳಯ್ಯ ತಲೆ ತಗ್ಗಿಸಿ ಬ್ಯಾರನ್ನಿನೊಳಗೆ ಹೋದ. ಸೊಪ್ಪು ಬಂಗಾರದ ಬಣ್ಣಕ್ಕೆ ಬಂದಿತ್ತು. ಸೊಪ್ಪಿನ ನಡುವೆ ಅವನ ಪೈಪುಗಳು. ಬಾಗಿದ್ದವೆಲ್ಲ ನೆಟ್ಟಗೆ, ಹುಣಸೂರಿನ ಠಾಣೆಗೆ ದೊಡ್ಡ ಸಾಹೇಬರು ಬಂದಾಗ ಪೇದೆಗಳು ನಿಂತ ಹಾಗೆ ನಿಂತಿದ್ದವು. ಆ ಕರಿ ರಬ್ಬರಿನ ಕೊಳವೆಯನ್ನು ಕಾರ್ಖಾನೆಯಲ್ಲಿ ಮೊದಲು ನೆಟ್ಟಗೆ ಮಾಡಿ, ಆಮೇಲೆ ಬಿಸಿ ಕೊಟ್ಟು ಬಾಗಿಸಿರುತ್ತಾರೆ. ಮತ್ತೆ ಬಿಸಿ ತಾಗಿದರೆ ಅದಕ್ಕೆ ತಾನು ಹುಟ್ಟಿದಾಗ ಹೇಗಿದ್ದೆನೆಂದು ನೆನಪಾಗಿಬಿಡುತ್ತದೆ. ಮಂಟಯ್ಯನವರ ಪೈಪಿಗೂ ನೆನಪಾಗಿತ್ತು.

"ಚೆನ್ನಾಗಿ ಒಣಗವೆ ಅಲ್ವಾ?" ಚಿಕ್ಕಬೀರಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

ಕುಳ್ಳಯ್ಯನಿಗೆ ಬೈಗುಳ ಗಂಟಲವರೆಗೆ ಬಂತು. ಅಷ್ಟರಲ್ಲಿ ದಾರದ ಗಂಟು ಕಣ್ಣಿಗೆ ಬಿತ್ತು. ಎಳೆ ಸೊಪ್ಪು ನೋಯದ ಹಾಗೆ ಅವಳು ಹಾಕುವ, ಎಳೆದರೆ ಬಿಚ್ಚಿಕೊಳ್ಳುವ ಸಡಿಲ ಗಂಟು. ಒಂದೊಂದು ಪೈಪಿಗೂ ಅದನ್ನೇ ಹಾಕಿದ್ದಳು. ಅವನು ಬೈಗುಳ ನುಂಗಿಕೊಂಡ.

"ಒಣಗವೆ ಕಣಮ್ಮಿ. ಮಂಟಣ್ಣಾರು ಬತ್ತಾರೆ ಅಂತ ಗೊತ್ತಾಗಿ ಎಲ್ಲ ಎದ್ ನಿಂತವೆ."

ಅವಳು ನಗುತ್ತಾ ಬಂದು ನಡುವಿನ ಪೈಪನ್ನು ಬಿಚ್ಚಿ ಕೈಗೆ ತೆಗೆದುಕೊಂಡಳು. ನಗು ಅಲ್ಲೇ ನಿಂತಿತು.

"ಇದು ಇಂಗಿರ್ನಿಲ್ಲ."

"ಇರ್ನಿಲ್ಲ."

"ನಾನ್ ಕೆಡಿಸ್ಬುಟ್ನಾ?"

ಕುಳ್ಳಯ್ಯ ಜೀವಮಾನದಲ್ಲಿ ಮೊದಲ ಸಲ ಒಂದು ಸುಳ್ಳಿಗಾಗಿ ತಡಕಾಡಿದ. ಸಿಗಲಿಲ್ಲ.

"ಪೋನ್ ಮಾಡಿ ಅಣ್ಣಂಗೆ ಬರಬ್ಯಾಡಿ ಅನ್ನಿ," ಎಂದಳು ಅವಳು.

"ಏನಂತ ಯೋಳ್ಲಿ?"

"ನಂಗೆ ಜ್ವರ ಅನ್ನಿ."

"ನಿಂಗೆ ಜ್ವರ ಅಂದ್ರೆ ಅವ್ರು ಇವತ್ತೇ ಬತ್ತಾರೆ ಕಣಮ್ಮಿ."

ಅವನು ಕೊಳವೆಯನ್ನು ಕೈಯಲ್ಲಿ ಬಾಗಿಸಿ ನೋಡಿದ. ಅದು ಲಟಲಟ ಎಂದಿತು. ಹೆದರಿ ಬಿಟ್ಟುಬಿಟ್ಟ. ಮಧ್ಯಾಹ್ನವಾಯಿತು. ಅವಳು ಮುದ್ದೆ ತೊಳಸಿ, ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಹೊಗೆಯಾಡುತ್ತಿದ್ದ ಮುದ್ದೆಯನ್ನು ಅವನು ಮುಟ್ಟಲಿಲ್ಲ. ಅವಳು ಮುದ್ದೆಯನ್ನೇ ನೋಡುತ್ತಾ ಕೂತವಳು, ಇದ್ದಕ್ಕಿದ್ದಂತೆ ಕೇಳಿದಳು:

"ರಾಧಾ ಹೋದ್ಸಲ ಬಂದಾಗ ಒಂದ್ ಪ್ಲಾಸ್ಟಿಕ್ ಸೌಟ್ ತಂದಿದ್ಲಲ್ಲ, ನಾನ್ ಮುದ್ದೆ ಒಳಗೆ ಮರ್ತು, ಅದು ನಾಯಿ ಬಾಲದಂಗಾಗಿತ್ತಲ್ಲ?"

ರಾಧಾ ಅವರ ಮಗಳು. ಕುಳ್ಳಯ್ಯನಿಗೆ ಸೌಟೂ ನೆನಪಾಯಿತು, ಹೆಂಡತಿ ಏನು ಹೇಳುತ್ತಿದ್ದಾಳೆ ಎನ್ನುವುದೂ ಹೊಳೆಯಿತು. ಅವಳಾಗಲೇ ಎದ್ದು ಪೈಪು ತಂದು, ಬಟ್ಟಲನ್ನು ಹೊರಗೆ ಬಿಟ್ಟು, ಕರಿ ಕೊಳವೆಯನ್ನು ಪೂರ್ತಿ ಮುದ್ದೆಗೆ ಚುಚ್ಚಿದ್ದಳು. ಇಬ್ಬರೂ ತಟ್ಟೆಯ ಎರಡು ಕಡೆ ಕುಕ್ಕರುಗಾಲಲ್ಲಿ ಕೂತು, ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ ಕಾದರು.

ಚಿಕ್ಕಬೀರಮ್ಮ ಪೈಪನ್ನು ಎಳೆದು ತೆಗೆದಳು. ಮುದ್ದೆ ಕಟ್ಟಿ ಕಟ್ಟಿ ಬಿಸಿಯೆಂದರೇನೆಂದು ಮರೆತಿದ್ದ ಕೈ ಅವಳದು. ಕಣ್ಣು ಮುಚ್ಚಿಕೊಂಡಳು. ಪ್ರತಿ ಶುಕ್ರವಾರ ದೇವರ ಪಟ ಒರೆಸಿದ ಮೇಲೆ ಆ ಪೈಪನ್ನೂ ಒರೆಸುತ್ತಿದ್ದವಳು ಅವಳೇ. ಒರೆಸುವಾಗ ಹೆಬ್ಬೆಟ್ಟು ಎಲ್ಲಿ ತಿರುಗುತ್ತಿತ್ತೋ ಅಲ್ಲಿಗೆ ಹೆಬ್ಬೆಟ್ಟು ತಾನಾಗೇ ಹೋಯಿತು. ಮೆಲ್ಲಗೆ ಒತ್ತಿದಳು. ಕೊಳವೆ ಹೇಳಿದ ಮಾತು ಕೇಳುವ ಮಗುವಿನಂತೆ ಬಾಗಿತು. ಬಾಗಿದ್ದನ್ನು ಬಾಗಿದ ಹಾಗೇ ಮಜ್ಜಿಗೆ ಚೊಂಬಿಗೆ ಅದ್ದಿದಳು.

ಕೊಕ್ಕರೆಯ ಕತ್ತು ಮರಳಿ ಬಂತು. ಕುಳ್ಳಯ್ಯ ಹೆಂಡತಿಯ ಕೆಂಪಾದ ಬೆರಳುಗಳನ್ನು ಹಿಡಿದು ಊದಿದ. ಅವಳು, "ಬುಡಿ, ಯಾರಾದ್ರೂ ನೋಡಾರು," ಎಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಆಗ ಅವನ ಕಣ್ಣಿಗೆ ಇನ್ನೊಂದು ಬಿತ್ತು. ವರ್ಷಗಟ್ಟಲೆ ಕಚ್ಚಿ ಕಚ್ಚಿ ಕೊಳವೆಯ ತುದಿಯಲ್ಲಿ ಮಂಟಯ್ಯನವರ ಕೋರೆಹಲ್ಲಿನ ಗುಳಿ ಬಿದ್ದಿತ್ತು, ಅದೂ ಬ್ಯಾರನ್ನಿನ ಕಾವಿಗೆ ಉಬ್ಬಿ ಮಾಯವಾಗಿತ್ತು. ಹಲ್ಲು ನಿಲ್ಲದಿದ್ದರೆ ಪೈಪು ತೂಗುವುದಿಲ್ಲ.

"ನೀವೇ ಕಚ್ಚಿ," ಎಂದಳು ಚಿಕ್ಕಬೀರಮ್ಮ.

"ನಾನಾ? ನಾನ್ ಯಾವತ್ತೂ ಬಾಯ್ಗಿಟ್ಟೋನಲ್ಲ."

"ಒಗೆ ಬುಡಿ ಅಂದ್ನಾ? ಕಚ್ಚಿ ಅಂದೆ."

ತುದಿಯನ್ನು ಮತ್ತೆ ಮುದ್ದೆಗೆ ಚುಚ್ಚಿ ತೆಗೆದು, ಅವನು ಕಣ್ಣು ಮುಚ್ಚಿ ಕಚ್ಚಿದ. ಆಮೇಲೆ ಬೆಂಕಿಯಿಲ್ಲದ ಆ ಪೈಪಿಗೂ ಒಂದು ಗಳಿಗೆ ಕೆಮ್ಮಿದ. ಆ ಮುದ್ದೆಯನ್ನು ನಾಯಿಗೆ ಹಾಕಿದರು. ಅದನ್ನು ತಿಂದ ನಾಯಿ ಸಂಜೆಯವರೆಗೆ ಕಾಲ ಮೇಲೆ ಕಾಲು ಹಾಕಿಕೊಂಡು, ತೋಟದ ಸಾಹುಕಾರರಂತೆ ದೂರ ನೋಡುತ್ತಾ ಕೂತಿತ್ತು.

ಸೋಮವಾರ ಮಂಟಯ್ಯನವರು ಬಂದರು. ವರ್ಷದೊಳಗೆ ಸೊರಗಿದ್ದರು. ಬಂದವರು ಟವೆಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಜಗಲಿ ಮೇಲೆ ಕೂತರು, ಹೆಚ್ಚು ಮಾತಿಲ್ಲ. ಇವರಿಗೆ ಆಗಲೇ ಅನುಮಾನ ಬಂದಿದೆ ಎಂದುಕೊಂಡ ಕುಳ್ಳಯ್ಯ. ಪೈಪು ತಂದು ಎರಡೂ ಕೈಯಲ್ಲಿ ಕೊಟ್ಟ. ಚಿಕ್ಕಬೀರಮ್ಮ ಬಾಗಿಲ ಹಿಂದೆ ನಿಂತಳು.

ಮಂಟಯ್ಯನವರು ಪೈಪನ್ನು ಸವರಿದರು, ಬಟ್ಟಲು ಮೂಸಿದರು. ಆ ಕಡೆ ತಿರುಗಿ ಬಾಯಿಗಿಟ್ಟರು.

"ಬಾಗು ಸರ್ಯಾಗದೆ," ಎಂದರು ಕೊನೆಗೆ. "ಹಲ್ ಯಾರ್ದ್ಲಾ ಇದು?"

ಕುಳ್ಳಯ್ಯ ನೆಲ ನೋಡಿದ. "ನಂದು ಅಣ್ಣಾರೆ."

ಚಿಕ್ಕಬೀರಮ್ಮ ತಡೆಯಲಾರದೆ ಈಚೆ ಬಂದಳು. "ಬೂಷ್ಟ್ ಹಿಡ್ದಿತ್ತು ಅಂತ ಬ್ಯಾರನ್ಗೆ ಹಾಕ್ದೋಳು ನಾನು ಕಣಣ್ಣ. ನೆಟ್ಗಾಗೋಯ್ತು. ಮುದ್ದೇಲಿ ಬೇಯ್ಸಿ ಬಗ್ಗಿಸ್ದೆ. ಅವ್ರುನ್ನ ಬಯ್ಯಬ್ಯಾಡಿ."

"ಮುದ್ದೇಲಾ?"

"ಊಂ ಕಣಣ್ಣ."

"ಅದ್ಕೇಯಾ, ಬಾಯಿಗಿಟ್ ತಕ್ಷಣ ಉಪ್ಸಾರ್ ಬೇಕು ಅನ್ನುಸ್ತು!" ಎಂದ ಮಂಟಯ್ಯನವರು ಜೋರಾಗಿ ನಕ್ಕರು. ನಕ್ಕ ರಭಸಕ್ಕೆ ಪೈಪು ಕೆಳಗೆ ಬಿತ್ತು. ಪೈಪಿನ ಜೊತೆ ಅದನ್ನು ಕಚ್ಚಿಕೊಂಡಿದ್ದ ಹಲ್ಲುಗಳ ಪೂರಾ ಸೆಟ್ಟೂ ಬಿತ್ತು. ಬಿದ್ದ ಮೇಲೂ ಅದು ಪೈಪನ್ನು ಬಿಟ್ಟಿರಲಿಲ್ಲ.

ಮೂವರೂ ಅದನ್ನೇ ನೋಡಿದರು. ಮಂಟಯ್ಯನವರು ಹಲ್ಲುಗಳನ್ನು ಎತ್ತಿ, ಒರೆಸಿ, ಬಾಯಿಗೆ ಹಾಕಿಕೊಂಡರು.

"ಯುಗಾದಿ ಕಳೆದ್ ಮ್ಯಾಲೆ ಎಲ್ಲ ಕೀಳಿಸ್ಬುಟ್ಟೆ ಕಣ್ಲಾ. ನನ್ ಬಾಯಲ್ಲಿರೋ ಹಲ್ಲೂ ನಂದಲ್ಲ. ದಾರಿ ಉದ್ದಕ್ಕೂ ನಂಗೂ ಅದೇ ಭಯ. ಪೈಪು ಬಾಯ್ಗೆ ಕೂರ್ದಿದ್ರೆ, ಇನ್ಮ್ಯಾಲೆ ಯಾವ್ ನೆಪ ಯೋಳ್ಕೊಂಡು ನಿಮ್ಮನೇಗ್ ಬರ್ಲಿ ಅಂತ."

ಚಿಕ್ಕಬೀರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ನೆಪ ಯಾಕಣ್ಣ ಬೇಕು," ಎಂದು ಗದರಿದಳು.

"ಇರ್ಲಿ ಕಣವ್ವ, ಒಂದಿರ್ಲಿ. ಬಿಸಿ ಮುದ್ದೆ ಐತಾ?"

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಮುದ್ದೆಯಾಗಿ, ಅದಕ್ಕೆ ಕೊಳವೆಯ ತುದಿ ಚುಚ್ಚಿ ತೆಗೆದು, ಅವಳೇ ಊದಿ ಕೊಟ್ಟಳು. ಮಂಟಯ್ಯನವರು ಹೊಸ ಹಲ್ಲಿನಲ್ಲಿ ಹದವಾಗಿ ಕಚ್ಚಿ, ಆರುವವರೆಗೆ ಹಾಗೇ ಹಿಡಿದರು. ಆಮೇಲೆ ಮೆಲ್ಲಗೆ ಎರಡೂ ಕೈ ಬಿಟ್ಟರು. ಪೈಪು ಗದ್ದಕ್ಕೆ ಒರಗಿ ತೂಗಿತು.

ಕುಳ್ಳಯ್ಯ ಓಡಿಹೋಗಿ ಹೊಸ ಸೊಪ್ಪು ತಂದು ಅವರ ತೊಡೆ ಮೇಲೆ ಹರವಿದ. ಅವರು ಎರಡು ಕೈಯಲ್ಲೂ ಎಲೆ ಉಜ್ಜಿ, ಮೂಸಿ, ಹಲ್ಲು ಬಿಚ್ಚದೆಯೇ, "ಒಲೆ ಕಾದೋಳು ಅದೇ ಹೆಣ್ಮಗ್ಳು," ಎಂದರು.

ಈಗ ಆ ಪೈಪಿಗೂ ಕುಳ್ಳಯ್ಯ ಕತೆ ಹೇಳುತ್ತಾನೆ. ಬ್ಯಾರನ್ನು, ಮುದ್ದೆ, ಮಜ್ಜಿಗೆ, ಹಲ್ಲಿನ ಸೆಟ್ಟು, ಒಂದನ್ನೂ ಬಿಡುವುದಿಲ್ಲ, ಒಂದನ್ನೂ ಸೇರಿಸುವುದಿಲ್ಲ. ಆನೆ ದಮ್ಮೆಳೆದದ್ದನ್ನು ಒಪ್ಪಿದವರು ಇದನ್ನು ನಂಬದೆ ತಲೆ ಅಲ್ಲಾಡಿಸುತ್ತಾರೆ. ಅವನು ಅಡುಗೆಮನೆ ಕಡೆ ತಿರುಗಿ, "ನೀನಾರ ಯೋಳಮ್ಮಿ," ಎನ್ನುತ್ತಾನೆ.

ಪೈಪುಗಳನ್ನು ಬ್ಯಾರನ್ನಿಗೆ ಹಾಕಿದವಳೆಂದು ಊರಲ್ಲಿ ಹೆಸರಾಗುವುದು ಯಾರಿಗೆ ಬೇಕು? ಚಿಕ್ಕಬೀರಮ್ಮ ಒಳಗಿನಿಂದಲೇ, ಮುಖ ಒಂದಿಷ್ಟೂ ಬದಲಿಸದೆ ಹೇಳುತ್ತಾಳೆ:

"ಇದೊಂದ್ ಸುಳ್ಳು ಕಣ್ರಪ್ಪ."