ವರ್ಡೆಲ್‌ಳ ಮೆರವಣಿಗೆ ಎಡಕ್ಕೆ ತಿರುಗಿದ ದಿನ

"ಏಯ್ ಹುಡುಗಾ, ಇಳಿಯೋ ಕೆಳಗೆ! ಕಿವಿ ಕೇಳಲ್ವಾ?"

ನನಗೆ ಎಪ್ಪತ್ತೊಂದು ವರ್ಷ. ಹಾಗೆ ಕರೆದ ಬಿಳಿಯ ಪೊಲೀಸನಿಗೆ ಇಪ್ಪತ್ತೈದು ಇದ್ದೀತು. ನಮ್ಮ ಕರಿಯರ ಚರ್ಚಿನ ವ್ಯಾನಿನಲ್ಲಿ ಹನ್ನೊಂದು ಮಂದಿ ಹುಡುಗ ಹುಡುಗಿಯರಿದ್ದರು. ನನ್ನ ಮೊಮ್ಮಗಳು ಕೆಜಾಯ ಅವರಲ್ಲೊಬ್ಬಳು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಲು ಕೋರ್ಟಿನಲ್ಲಿರುವ ಕಚೇರಿಗೆ ಹೊರಟಿದ್ದೆವು. ಸೇತುವೆಯ ಹತ್ತಿರ ಅವನು ನಿಲ್ಲಿಸಿದ್ದು ಇದು ಮೂರನೆಯ ಸಲ. ಒಮ್ಮೆ ದೀಪ ಸರಿಯಿಲ್ಲ, ಒಮ್ಮೆ ಟೈರು ಸವೆದಿದೆ. ಕಚೇರಿ ಮುಚ್ಚುವ ಹೊತ್ತಿಗೆ ಬಿಡುತ್ತಿದ್ದ.

ಶವಸಂಸ್ಕಾರ ಮಾಡಿಸುವ ಲಾಫ್ಟನ್ ನಮ್ಮನ್ನು ಹುಡುಕಿಕೊಂಡು ಅಲ್ಲಿಗೇ ಬಂದು ಹ್ಯಾಟು ತೆಗೆದ.

"ಎಫ್ರಮಣ್ಣ, ವರ್ಡೆಲಕ್ಕ ಹೋಗ್ಬಿಟ್ರು. ಚರ್ಚ್ ಅಡಿಗೆಮನೇಲಿ ಕೋಳಿ ಕರೀತಾ ಹಂಗೇ ಕುಸಿದ್ರಂತೆ."

ಆ ಕೋಳಿ ಈ ಮಕ್ಕಳಿಗೆ. ಹದಿನೆಂಟು ತುಂಬಿದವರು ಹೆಸರು ಬರೆಸಿ ಬಂದ ದಿನ ಊಟ ಹಾಕುವುದನ್ನು ನನ್ನ ತಂಗಿ ಹನ್ನೆರಡು ವರ್ಷ ತಪ್ಪಿಸಿರಲಿಲ್ಲ.

ಪೊಲೀಸ್ ಎಲ್ಲ ಕೇಳಿಸಿಕೊಂಡ. ಆಮೇಲೆ ನನ್ನ ಲೈಸೆನ್ಸನ್ನು ಮತ್ತೆ ಮೊದಲಿನಿಂದ ಓದತೊಡಗಿದ.

ಮನೆಗೆ ಬಂದ ಮೇಲೆ ಕೆಜಾಯ ರೇಗಿದಳು.

"ಸಾಕು ತಾತ. ವರ್ಡೆಲಜ್ಜಿ ಓಟ್ ಹಾಕಿದ್ದೇ ಹಾಕಿದ್ದು, ಏನ್ ಕಡಿದು ಕಟ್ಟೆ ಹಾಕಿದ್ಲು? ನಮ್ ಬೀದೀಗೆ ಇವತ್ತೂ ಚರಂಡಿ ಇಲ್ಲ. ನಾನ್ ದುಡಿಯೋ ಮೀನ್ ಫ್ಯಾಕ್ಟರೀಲಿ ಉಚ್ಚೆಗೆ ಹೋಗ್ಬೇಕಂದ್ರೂ ಆ ಸೂಪರ್‌ವೈಸರ್ ಸೂಳೆಮಗನ್ ಮುಂದೆ ಕೈಯೆತ್ಬೇಕು. ನಾನಂತೂ ಇನ್ ಬರಲ್ಲ."

ನಾನು ಬೈಬಲ್ ತೆರೆದು ಕುಳಿತೆ; ಅಕ್ಷರ ಕಾಣಲಿಲ್ಲ.

ಮಣ್ಣು ಮಾಡುವುದು ಶುಕ್ರವಾರ ಎಂದಾಯಿತು. ಹೆಸರು ಬರೆಸಲು ಕೊನೆಯ ದಿನವೂ ಅದೇ ಶುಕ್ರವಾರ, ಸಂಜೆ ಐದರವರೆಗೆ.

ಮಿಸಿಸಿಪ್ಪಿಯ ನಮ್ಮ ಕಡೆ ಶವದ ಮೆರವಣಿಗೆಯನ್ನು ಯಾರೂ ತಡೆಯುವುದಿಲ್ಲ. ಎದುರಿಗೆ ಬಂದ ಕಾರು, ಯಾರದೇ ಇರಲಿ, ರಸ್ತೆಯ ಪಕ್ಕಕ್ಕೆ ನಿಲ್ಲುತ್ತದೆ. ಪ್ರಾರ್ಥನೆ ಮುಗಿದ ಮೇಲೆ ನಾನು ಶವದ ಗಾಡಿಯಲ್ಲಿ ಲಾಫ್ಟನ್ ಪಕ್ಕ ಕುಳಿತೆ. ಆ ಮಕ್ಕಳು ಹಿಂದಿನ ಕಾರುಗಳಲ್ಲಿದ್ದರು.

"ಎಡಕ್ಕೆ ತಿರುಗ್ಸು," ಎಂದೆ.

"ಸ್ಮಶಾನ ಬಲಕ್ಕಲ್ವಾ ಅಣ್ಣ?"

"ಗೊತ್ತು. ಕೋರ್ಟ್ ಎಡಕ್ಕೈತೆ."

ಸೇತುವೆಯ ಬಳಿ ಅದೇ ಪೊಲೀಸ್ ತನ್ನ ಕಾರನ್ನು ಪಕ್ಕಕ್ಕೆ ಹಾಕಿ, ಕೆಳಗಿಳಿದು, ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತ. ಹದಿನಾಲ್ಕು ಕಾರು ಅವನ ಮುಂದೆ ಹಾದುಹೋದವು.

ಕೋರ್ಟ್ ಮುಂದೆ ಕೆಜಾಯ ಎಲ್ಲರಿಗಿಂತ ಮೊದಲು ಇಳಿದಳು. "ನೋಡಿದ್ಯಾ ತಾತ? ನಮ್ಗೆ ಮರ್ಯಾದೆ ಬೇಕಂದ್ರೆ ಹೆಣ ಆಗ್ಬೇಕು. ಕೊಡು ಆ ಅರ್ಜಿ."

ಕಿಟಕಿಯ ಹಿಂದಿನ ಗುಮಾಸ್ತೆ ಹೊರಗೆ ಇಣುಕಿದಳು. "ಹೆಣ ಬಾಗಿಲಲ್ಲಿ ಇಟ್ಕೊಂಡು ಇಲ್ಲೇನು ಕೆಲಸ? ಹೋಗಿ, ಹೂತು ಬನ್ನಿ."

"ಅಷ್ಟೊತ್ತಿಗೆ ನೀವು ಮುಚ್ಚಿರ್ತೀರಲ್ಲಮ್ಮ," ಎಂದೆ.

ಒಬ್ಬನ ಸಹಿ ಗೆರೆ ದಾಟಿದೆ, ಒಬ್ಬಳ ಶಾಯಿ ಬೇರೆ ಬಣ್ಣ. ಪ್ರತಿಯೊಂದು ಅರ್ಜಿಯನ್ನೂ ಎರಡೆರಡು ಸಲ ಬರೆಸಿದಳು. ಹತ್ತು ಮುಗಿಯುವಾಗ ಐದಕ್ಕೆ ಮೂರು ನಿಮಿಷವಿತ್ತು. ಉಳಿದವರನ್ನು ಮುಂದೆ ಬಿಟ್ಟು ಕೊನೆಗೆ ನಿಂತವಳು ಕೆಜಾಯ.

"ಥೂ, ಮೀನಿನ ನಾತ," ಎಂದು ಗುಮಾಸ್ತೆ ಕಿಟಕಿಯ ಬಾಗಿಲನ್ನು ಕೆಳಕ್ಕೆಳೆದಳು.

ಕೆಜಾಯ ಅರ್ಜಿ ಹಿಡಿದ ಕೈಯನ್ನು ಅದರಡಿ ತೂರಿಸಿದಳು. ಮೀನು ಸೀಳಿ ಸೀಳಿ ಗಾಯವಾದ ಕೈ. ಬಾಗಿಲು ಮಣಿಕಟ್ಟಿನ ಮೇಲೆ ಕೂತಿತು.

"ಕೈ ತೆಗಿ!"

"ಇನ್ನೂ ಮೂರ್ ನಿಮ್ಷ ಐತೆ."

"ಪೊಲೀಸರನ್ನ ಕರೀತೀನಿ."

"ಕರ್ಕೋ ಹೋಗು."

ಗುಮಾಸ್ತೆ ಇನ್ನಷ್ಟು ಒತ್ತಿದಳು. ಕೈ ಕದಲಲಿಲ್ಲ. ಉಳಿದ ಹತ್ತು ಮಂದಿ ಅವಳ ಬೆನ್ನಿಗೆ ಬಂದು ನಿಂತರು. ಹೊರಗಿನಿಂದ ಲಾಫ್ಟನ್ ಕೂಗಿದ: "ಅಣ್ಣ, ಗುಂಡಿ ತೋಡಿದೋರು ಕಾಯ್ತಾವ್ರೆ!"

ಗುಂಡಿಯ ಬಳಿ ಹೇಳಬೇಕಿದ್ದ ಪ್ರಾರ್ಥನೆಗೆ ನಾನು ಅಲ್ಲೇ ತಲೆ ಬಾಗಿಸಿದೆ. ಕರ್ತನೇ, ನಿನ್ನ ಮಗಳು ವರ್ಡೆಲ್ ಬಹಳ ದಣಿದಿದ್ದಾಳೆ. ನಿನ್ನ ಬಾಗಿಲಲ್ಲಿ ಅವಳನ್ನು ಕಾಯಿಸಬೇಡ, ಏನೂ ಬರೆಸಿಕೊಳ್ಳಬೇಡ. ಹೆಸರು ಹಿಡಿದು ಒಳಗೆ ಕರೆ, ಕೂರಿಸು, ಶಾಂತಿ ಕೊಡು. ಆಮೆನ್.