ಮಂಜಿಷ್ಠದ ಕೆಂಪು

ಇಂಗ್ಲೆಂಡಿನ ವಿಟ್ಬಿ ಬಂದರಿನ ಹಿಂದಿನ ಗೋದಾಮಿಗೆ ಹೆಸ್ಟರ್ ಕಾಲಿಟ್ಟಾಗ, ಡೆಸ್ಮಂಡ್ ಚೀಸ್ ತುರಿಯುವ ಮಣೆಯಿಂದ ಒಂದು ಹೊದಿಕೆಯ ಅಂಚನ್ನು ಉಜ್ಜುತ್ತಿದ್ದ. ಸಾವಿರ ವರ್ಷ ಹಿಂದಿನ ಕಥೆಯ ಟೀವಿ ಧಾರಾವಾಹಿಗೆ ಹೊಸ ಉಡುಪುಗಳನ್ನು ಹಳತು ಮಾಡುವುದೇ ಅವನ ಕೆಲಸ; ಅದಕ್ಕೆ ಇತಿಹಾಸದ ಸಲಹೆ ಕೊಡುವುದು ಹೆಸ್ಟರಳ ಕೆಲಸ. ಪಕ್ಕದ ಬಕೆಟ್‌ನಲ್ಲಿ ಚಹಾದ ಡಿಕಾಕ್ಷನ್, ಇನ್ನೊಂದರಲ್ಲಿ ಕೆಸರು.

ಅಂಚಿನ ನೇಯ್ಗೆಯ ವಿನ್ಯಾಸ ನೋಡಿ ಹೆಸ್ಟರ್ ಅದನ್ನು ಕೈಗೆತ್ತಿಕೊಂಡಳು.

"ಡೆಸ್ಮಂಡ್, ಇದು ರಾಣಿ ಪಾತ್ರದ್ದಲ್ವಾ?"

"ಹೌದು ಮೇಡಂ, ನಿಮ್ಮಕ್ಕ ನೇಯ್ದಿದ್ದು. ಹೆಂಗೆ ಬಂದಿದೆ ನೋಡಿ! ಅಜ್ಜಿ ಕಾಲದಿಂದ ಹೊದ್ದಂಗಿದೆ."

"ಇದನ್ನ ಮುಟ್ಟಬೇಡಿ ಅಂತ..." ಹಾಗೆ ಅವಳು ಹೇಳಿರಲಿಲ್ಲ. ಹೇಳಿದ್ದು ಬೇರೆ, ಅದೂ ಎಲ್ಲರೆದುರು: "ಆ ಕಾಲದ ಜನ ಒಂದೇ ಹೊದಿಕೇಲಿ ವರ್ಷಗಟ್ಟಲೆ ಬದುಕಿದೋರು. ಸವೆಯದ ಒಂದು ಬಟ್ಟೇನೂ ಕ್ಯಾಮೆರಾ ಮುಂದೆ ಬರಬಾರದು." ವೈಕಿಂಗರ ಗುಂಡಿಗಳ ಬಗ್ಗೆ, ಸ್ಯಾಕ್ಸನರ ಕತ್ತಿಗಳ ಬಗ್ಗೆ ಅವಳು ತೆಗೆದ ತಕರಾರು ಯಾರ ಕಿವಿಗೂ ಬಿದ್ದಿರಲಿಲ್ಲ. ಇದೊಂದು ಮಾತನ್ನು ಮಾತ್ರ ಅಕ್ಷರಶಃ ಪಾಲಿಸಿದ್ದರು.

ಟೀವಿಯಲ್ಲಿ ಎಲ್ಲರೂ ಕಂದು ಚರ್ಮದ ಉಡುಪು ತೊಟ್ಟು ತಿರುಗುತ್ತಾರೆ, ನಿಜವಾದ ರಾಣಿ ಕೆಂಪು ಉಡುತ್ತಿದ್ದಳು ಎಂದು ವಾದಿಸಿ ಆ ಹೊದಿಕೆಯನ್ನು ಸೇರಿಸಿದವಳೂ ಅವಳೇ. ಅಕ್ಕ ಮಾರ್ಜರಿ ಹಿತ್ತಲಲ್ಲಿ ಬೆಳೆದ ಮಂಜಿಷ್ಠದ ಬೇರು ಅಗೆದು, ಕುದಿ ಬಾರದ ಹಾಗೆ ಒಲೆ ಕಾಯ್ದು ತೆಗೆದ ಬಣ್ಣ ಅದು. ಈಗ ಮಾರ್ಜರಿಯ ಬೆರಳುಗಳು ಮಡಚುವುದಿಲ್ಲ. ಇನ್ನೊಂದನ್ನು ನೇಯಲಾರಳು.

"ಒಗೆದ್ರೆ ಹೋಗುತ್ತಾ?"

"ಹೋದ್ರೆ ನನ್ ಕೆಲಸಕ್ಕೇನು ಮರ್ಯಾದೆ?" ಡೆಸ್ಮಂಡ್ ನಕ್ಕ.

ಮಾರ್ಜರಿಗೆ ಹೇಳಬೇಕು ಎಂದುಕೊಂಡೇ ತಿಂಗಳುಗಳು ಕಳೆದವು. ಒಂದು ಭಾನುವಾರ ಆ ಹೊದಿಕೆಯ ಕಂತು ಟೀವಿಯಲ್ಲಿ ಬಂದೇಬಿಟ್ಟಿತು. ಮಾರ್ಜರಿ ಟೋಸ್ಟ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಏನೇ, ಇವತ್ತು ಒಂದ್ಸಲಾನೂ ಟೀವಿಗೆ ಬೈದಿಲ್ಲ? ಹುಷಾರಿಲ್ವಾ?"

"ತಪ್ಪು ಕಾಣಿಸ್ತಿಲ್ಲ."

"ಅಯ್ಯೋ, ರಾಣಿಗೆ ಗೋಣಿಚೀಲ ಹೊದಿಸಿದಾರಲ್ಲೇ! ನಂದು ಯಾವಾಗ ಬರುತ್ತೆ?"

ಅಷ್ಟರಲ್ಲಿ ರಾಣಿ ಹೊದಿಕೆಯನ್ನು ಎದೆಗೆ ಎಳೆದುಕೊಂಡಳು. ಅಂಚು ಪರದೆಯ ತುಂಬ ಕಂಡಿತು. ಮಾರ್ಜರಿಯ ಕೈಯಲ್ಲಿದ್ದ ಟೋಸ್ಟ್ ಬಾಯಿಯವರೆಗೆ ಹೋಗಲಿಲ್ಲ.

"ಮಳೆಗೆ ಬಣ್ಣ ಬಿಟ್ಟಿದೆ," ಎಂದಳು ಮೆಲ್ಲಗೆ. "ಬಣ್ಣ ಕಚ್ಚೋಕೆ ಪಟಿಕ ಕಮ್ಮಿ ಹಾಕಿದ್ನೇನೋ. ಕೈ ಸ್ವಾಧೀನದಲ್ಲಿರಲಿಲ್ಲ ಆಗಲೇ. ನಿನ್ ಮುಖಕ್ಕೆ ಮಸಿ ಬಳಿದ ಹಾಗಾಯ್ತು ಕಣೇ."

ಹೌದೆಂದು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹೆಸ್ಟರ್ ಟೀವಿಯ ಸದ್ದು ಅಡಗಿಸಿದಳು.

"ನಿನ್ ಬಣ್ಣ ಬಿಟ್ಟಿಲ್ಲ. ಅವ್ರೇ ಚಹಾದಲ್ಲಿ ಅದ್ದಿ, ತುರಿಮಣೇಲಿ ಉಜ್ಜಿದ್ರು. ಹಳತು ಮಾಡಿ ಅಂದಿದ್ದು ನಾನು. ನಿಂದೊಂದು ಬಿಟ್ಟು ಅಂತ ಹೇಳೋದು ಹೊಳೀಲೇ ಇಲ್ಲ."

ಮಾರ್ಜರಿ ಕೈಯಲ್ಲಿದ್ದ ಟೋಸ್ಟನ್ನು ತಟ್ಟೆಗೆ ಹಾಕಿದಳು.

"ಅದ್ದೋವರೆಗೂ ಕೆಂಪು ನಿಂತಿತ್ತಾ?"

"ನಿಂತಿತ್ತು."

"ಸರಿ ಬಿಡು," ಎಂದಳು ಮಾರ್ಜರಿ. ಪ್ರತಿ ಸಲ ಚಾಚುತ್ತಿದ್ದ ಟೋಸ್ಟ್ ತಟ್ಟೆಯನ್ನು ಈ ಸಲ ತಂಗಿಯ ಕಡೆ ಚಾಚಲಿಲ್ಲ. ಪರದೆಯ ಮೇಲೆ ರಾಣಿ, ಹೊದಿಕೆಯ ಅಂಚನ್ನು ಕೆಸರಿನಲ್ಲಿ ಎಳೆಯುತ್ತ, ಸದ್ದಿಲ್ಲದೆ ಹೊಗೆಯೊಳಗೆ ನಡೆದುಹೋದಳು.